ಮನೆಯಲ್ಲಿ ಓದಿ ಬಂದ ವಾಕ್ಯ

ನಮ್ಮ ಇಂಗ್ಲಿಷ್ ಮಿಸ್ ತೀರಿಕೊಂಡು ಇವತ್ತಿಗೆ ಹದಿನೆಂಟು ದಿನ. ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ, ಆ ದಿನ ಶಿವ ಕೊಟ್ಟ ಸಣ್ಣಪುಟ್ಟ ಒಳ್ಳೆಯದನ್ನೆಲ್ಲ ಬೆರಳು ಮಡಚಿ ಎಣಿಸುವುದು ನನ್ನ ಅಭ್ಯಾಸ. ನಲ್ಲಿ ನೀರು ಹೊತ್ತಿಗೆ ಬಂತು, ಒಂದು. ಯಜಮಾನರ ಮಂಡಿನೋವು ಇವತ್ತು ಸ್ವಲ್ಪ ಕಡಿಮೆ, ಎರಡು. ಹೀಗೆ ಐದಾಗದೆ ಏಳುವುದಿಲ್ಲ. ಈ ಹದಿನೆಂಟು ದಿನದಿಂದ ಹೆಬ್ಬೆರಳಿಗೆ ಬಂದರೆ ಸಾಕು, ಮಿಸ್ಸೇ ಬಂದು ಕೂರುತ್ತಾರೆ. ಆ ತಾಯಿಯ ಕೈಗೆ ಸಿಕ್ಕಿದ್ದೆನಲ್ಲ, ಅದು ಐದು.

ಅದಕ್ಕೇ ಅವರ ಬಗ್ಗೆ ನಾಲ್ಕು ಮಾತು ಬರೆಯೋಣ ಅಂತ ಕೂತಿದ್ದೇನೆ. ಆದರೆ ಅವರದ್ದೊಂದು ಕಟ್ಟಳೆ ಇದೆ. ಯಾರ ಬಗ್ಗೆ ಏನೇ ಬರೆದರೂ ಮೊದಲು ಅವರ ಮನೆಯಲ್ಲಿ ಓದಿ ಬರಬೇಕು. ಮನೆಯವರು ಬೇಡ ಅಂದರೆ ಮರುಮಾತಿಲ್ಲದೆ ಹೊಡೆದುಹಾಕಬೇಕು. ಹಾಗಾಗಿ ಸೋಮವಾರ ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ಅವರ ಮನೆಗೆ ಹೋಗಿ, ಅವರ ಅತ್ತಿಗೆಯ ಮುಂದೆ ಈ ಹಾಳೆಗಳನ್ನು ಓದಬೇಕು. ಅತ್ತಿಗೆ ಖಡಕ್ ಹೆಂಗಸು. ಬೇಡ ಅಂದರೆ ಇದು ನೀರೊಲೆಗೆ. ಆ ಕಟ್ಟಳೆ ಮುರಿಯುವ ಧೈರ್ಯ ಬೇರೆ ಯಾರಿಗಿದ್ದರೂ ನನಗಿಲ್ಲ, ಯಾಕೆಂದರೆ ಅದು ಹುಟ್ಟಿದ್ದೇ ನನ್ನಿಂದ.

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ, ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅಪ್ಪ ಕಬ್ಬಿಣ ಕರಗಿಸುವ ಕಡೆ ಕೆಲಸಕ್ಕಿದ್ದರು. ನಮ್ಮದು ಹುಡುಗಿಯರ ಕನ್ನಡ ಮೀಡಿಯಂ ಹೈಸ್ಕೂಲು. ಮಿಸ್ ಶಿವಮೊಗ್ಗದಿಂದ ದಿನಾ ಬೆಳಿಗ್ಗೆ ರೈಲಿನಲ್ಲಿ ಬಂದು ಸಂಜೆ ರೈಲಿಗೆ ವಾಪಸಾಗುತ್ತಿದ್ದರು. ಎತ್ತರದ ಆಳು. ಪಿನ್ ಹಾಕಿ ಮಡಿಕೆ ಮುರಿಯದ ಕಾಟನ್ ಸೀರೆ, ಬಿಸಿಲಿರಲಿ ಮೋಡವಿರಲಿ ಒಂದು ಕೊಡೆ, ದವಡೆಯಲ್ಲಿ ಒಂದು ಲವಂಗ. ಅವರು ಹತ್ತಿರ ಬಂದರೆ ಸೀಮೆಸುಣ್ಣ ಮತ್ತೆ ಲವಂಗ ಎರಡೂ ಸೇರಿದ ವಾಸನೆ. ಈಗಲೂ ಪಲಾವಿಗೆ ಲವಂಗ ಹಾಕುವಾಗ ನನಗೆ ಹೋಂವರ್ಕ್ ಬಾಕಿ ಇದೆ ಅನ್ನಿಸುತ್ತದೆ.

ಅವರಿಗೆ ಮದುವೆಯಾಗಿರಲಿಲ್ಲ. ಅಣ್ಣ ಅತ್ತಿಗೆಯ ಜೊತೆ ಇದ್ದರು.

ಅವರ ಪಾಠದ ರೀತಿಯೇ ಬೇರೆ. ಪುಸ್ತಕದ ಪಾಠ ಹೇಗೋ ಮುಗಿಸುತ್ತಿದ್ದರು, ಅವರ ಜೀವ ಇದ್ದದ್ದು ಕ್ರಿಯಾಪದಗಳಲ್ಲಿ. ಒಂದೇ ಥರ ಕಾಣುವ ಎರಡು ಮೂರು ಪದಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು, ಹೆಬ್ಬೆರಳು ತೋರುಬೆರಳು ಸೇರಿಸಿ ತಿಕ್ಕುತ್ತಿದ್ದರು, ಅಂಗಡಿಯಲ್ಲಿ ರವೆ ಸಣ್ಣದೋ ದಪ್ಪದೋ ಅಂತ ನೋಡುತ್ತೇವಲ್ಲ, ಹಾಗೆ. "ಅಕ್ಕತಂಗಿಯರು ಕಣ್ರೇ ಇವರು. ಮುಖ ಒಂದೇ ಥರ ಇರುತ್ತೆ. ಹಾಗಂತ ಅಕ್ಕನಿಗೆ ಬಂದ ಗಂಡಿಗೆ ತಂಗೀನ ಕೊಡೋಕಾಗುತ್ತಾ?"

ಸೀ, ಲುಕ್, ವಾಚ್. ಮೂರಕ್ಕೂ ಗೈಡಿನಲ್ಲಿ 'ನೋಡು' ಅಂತ ಒಂದೇ ಅರ್ಥ ಕೊಟ್ಟಿದ್ದರು. ಮಿಸ್ ಗೈಡು ಮುಚ್ಚಿಸಿದರು. "ತಾನಾಗೇ ಕಣ್ಣಿಗೆ ಬಿದ್ದರೆ ಸೀ. ನೀನಾಗಿ ಕಣ್ಣು ಹಾಯಿಸಿದರೆ ಲುಕ್. ಏನಾಗುತ್ತೋ ಅಂತ ಕಣ್ಣು ಕೀಳದೆ ನಿಂತರೆ ವಾಚ್. ಒಲೆ ಮೇಲೆ ಹಾಲಿಟ್ಟಾಗ ನಿಮ್ಮಮ್ಮ ಏನು ಮಾಡ್ತಾಳೆ?"

"ವಾಚ್, ಮಿಸ್!"

"ನಿನಗೆ ನೋಡ್ಕೋ ಅಂತ ಹೇಳಿ ಹೋದಾಗ ನೀನೇನು ಮಾಡ್ತೀಯ?"

ನಮ್ಮ ಸಾಲಿನ ಪದ್ಮಾ ಎದ್ದು ನಿಂತು, "ಸೀ, ಮಿಸ್. ಉಕ್ಕಿದ ಮೇಲೆ," ಅಂದಳು. ಮಿಸ್ ನಕ್ಕದ್ದು ಪಕ್ಕದ ಸೆಕ್ಷನ್ನಿಗೂ ಕೇಳಿತು.

ಇಂಗ್ಲಿಷು ದೊಡ್ಡದು, ಕನ್ನಡ ಚಿಕ್ಕದು ಅನ್ನುವ ಭಾವ ಅವರಲ್ಲಿ ಇರಲಿಲ್ಲ. ಒಂದು ದಿನ ಅಡುಗೆಮನೆಯ ಕ್ರಿಯಾಪದಗಳನ್ನು ತೆಗೆದುಕೊಂಡು, "ನಾವು ಸಂಡಿಗೆ ಕರೀತೀವಿ, ಈರುಳ್ಳಿ ಹುರೀತೀವಿ. ಬಾಣಲಿ ಒಂದೇ ಆದ್ರೂ ಕೆಲಸ ಬೇರೆ. ಅವರಿಗೆ ಎರಡಕ್ಕೂ ಫ್ರೈ. ಪಾಪ, ಸಂಡಿಗೆ ತಿಂದಿಲ್ಲ ಅವರು," ಅಂದಿದ್ದರು.

ದಿನಕ್ಕೊಂದು ಜೋಡಿ. ಮಾರನೆಯ ದಿನ ಪ್ರತಿಯೊಬ್ಬಳೂ ಆ ಜೋಡಿ ಹಾಕಿ ಒಂದು ವಾಕ್ಯ ತರಬೇಕು. ಗೈಡಿನ ರಾಮ, ಗೈಡಿನ ಸೀತೆ ಬೇಡ. ನಮ್ಮ ಮನೆಯಲ್ಲಿ ನಿಜವಾಗಿ ನಡೆದದ್ದೇ ಆಗಬೇಕು. ಚೆನ್ನಾಗಿರುವುದನ್ನು ಅವರು ತಮ್ಮ ಉದ್ದನೆಯ ರಟ್ಟಿನ ಪುಸ್ತಕದಲ್ಲಿ ಬರೆದು, ಕೆಳಗೆ ಕೊಟ್ಟವಳ ಹೆಸರು ಹಾಕುತ್ತಿದ್ದರು. ಆ ಪುಸ್ತಕದಲ್ಲಿ ಹೆಸರು ಬರುವುದೆಂದರೆ ನಮಗೆ ರ‍್ಯಾಂಕು ಬಂದ ಹಾಗೆ.

"ನಿಮ್ಮ ಮನೇದು ಒಂದು ಹೇಳಿ ಮಿಸ್," ಅಂತ ನಾವು ಕೆಣಕುತ್ತಿದ್ದೆವು.

"ನಮ್ಮ ಮನೇಲಿ ಒಪ್ಪಿಲ್ಲ," ಅನ್ನುತ್ತಿದ್ದರು. ತಮಾಷೆ ಮಾಡುತ್ತಾರೆ ಅಂದುಕೊಂಡಿದ್ದೆವು.

ಅವರಲ್ಲಿ ಕುಂದೇ ಇರಲಿಲ್ಲ ಅಂತ ಹೇಳಿದರೆ ದೇವರು ಮೆಚ್ಚುವುದಿಲ್ಲ. ತಿದ್ದುವ ಚಟ. ಮದುವೆ ಕಾಗದ ಕೊಡಲು ಬಂದವರ ಎದುರೇ ಪೆನ್ನು ತೆಗೆದು ಇಂಗ್ಲಿಷ್ ಭಾಗ ತಿದ್ದಿ ವಾಪಸು ಕೊಟ್ಟದ್ದನ್ನು ನಾನೇ ಕಂಡಿದ್ದೇನೆ. ನನ್ನ ನಿಶ್ಚಿತಾರ್ಥಕ್ಕೆ ಬಂದವರು, ಯಜಮಾನರು ಭಯಭಕ್ತಿಯಿಂದ ಇಂಗ್ಲಿಷಿನಲ್ಲಿ ಏನೋ ಅಂದರೆ, "ಚೆನ್ನಾಗಿದೆ, ಆದ್ರೆ ಕ್ರಿಯಾಪದ ಬೇರೆ ಹಾಕ್ಬೇಕಿತ್ತು," ಅಂದುಬಿಟ್ಟರು. ಅವತ್ತಿನಿಂದ ಅವರ ಎದುರು ನಮ್ಮವರು ಬಾಯಿ ಬಿಟ್ಟದ್ದು ತಿಂಡಿ ತಿನ್ನಲಿಕ್ಕೆ ಮಾತ್ರ. ಇನ್ನೊಂದು, ಒಳ್ಳೆಯ ವಾಕ್ಯ ಸಿಕ್ಕಿದರೆ ಅವರಿಗೆ ಹಿಂದೆ ಮುಂದೆ ಕಾಣುತ್ತಿರಲಿಲ್ಲ. ಅದರಿಂದಲೇ ನನ್ನ ಕಥೆ ಆದದ್ದು.

ನಾನಾಗ ಎಸ್ಸೆಸ್ಸೆಲ್ಸಿ. ಪರೀಕ್ಷೆಗೆ ಎರಡು ತಿಂಗಳಿತ್ತು. ಆ ದಿನದ ಜೋಡಿ ಸ್ಪೀಕ್ ಮತ್ತು ಟಾಕ್. ಮಿಸ್ ಹೇಳಿದ್ದು ಹೀಗೆ: "ಸ್ಪೀಕ್ ಎದ್ದು ನಿಂತು ಆಡೋ ಮಾತು, ನಾಲ್ಕು ಜನ ಕೇಳಲಿ ಅಂತ. ಟಾಕ್ ಪಕ್ಕದಲ್ಲಿ ಕೂತು ಆಡೋ ಮಾತು. ಒಂದು ಆಡೋಕೆ ಧೈರ್ಯ ಬೇಕು, ಇನ್ನೊಂದಕ್ಕೆ ಪುರುಸೊತ್ತು ಬೇಕು."

ಮಾರನೆಯ ದಿನ ನಾನು ಕೊಟ್ಟ ವಾಕ್ಯ: ಮೈ ಫಾದರ್ ಸ್ಪೀಕ್ಸ್ ಇನ್ ದ ಫ್ಯಾಕ್ಟರಿ, ಹಿ ಡಸ್ ನಾಟ್ ಟಾಕ್ ಅಟ್ ಹೋಮ್. ಅಪ್ಪ ಫ್ಯಾಕ್ಟರಿಯಲ್ಲಿ ಎದ್ದು ನಿಂತು ಮಾತಾಡುತ್ತಾರೆ, ಮನೆಯಲ್ಲಿ ಕೂತು ಮಾತಾಡುವುದಿಲ್ಲ. ನಾನು ಸಿಟ್ಟಿಗೆ ಬರೆದದ್ದಲ್ಲ. ಇದ್ದದ್ದೇ ಹಾಗೆ. ಅಪ್ಪ ಶಿಫ್ಟು ಮುಗಿಸಿ ಬಂದು, ಸ್ನಾನ ಮಾಡಿ, ವಿಭೂತಿ ಇಟ್ಟು, ಲಿಂಗಪೂಜೆ ಮಾಡಿ, ಉಂಡು, ಗೋಡೆಗೆ ಒರಗಿ ಕೂರುತ್ತಿದ್ದರು. ಉಪ್ಪು ಕಡಿಮೆಯಾದರೆ ತಟ್ಟೆ ಮುಂದಕ್ಕೆ ಸರಿಸುತ್ತಿದ್ದರು, ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಮಿಸ್ ಆ ವಾಕ್ಯ ಓದಿ ಲವಂಗ ಕಡಿಯುವುದನ್ನೇ ನಿಲ್ಲಿಸಿದರು. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. ಕ್ಲಾಸಿನ ಕೈಲಿ ಮೂರು ಸಲ ಓದಿಸಿದರು. ನಲವತ್ತೆಂಟು ಹುಡುಗಿಯರು ರಾಗವಾಗಿ, "ಹಿ ಡಸ್ ನಾಟ್ ಟಾಕ್ ಅಟ್ ಹೋಮ್!" ನನಗೆ ಹೆಮ್ಮೆಯಿಂದ ಕಿವಿ ಬಿಸಿಯಾಗಿತ್ತು.

ಪದ್ಮಾ ಮನೆಗೆ ಹೋಗಿ ಹೇಳಿದಳು. ಅವಳದ್ದೇನೂ ತಪ್ಪಿಲ್ಲ, ದಿನಾ ಹೇಳುವ ಹಾಗೆ ಹೇಳಿದಳು. ಅವಳಪ್ಪ, ನಮ್ಮಪ್ಪನ ಜೊತೆಗೇ ಕೆಲಸ ಮಾಡುತ್ತಿದ್ದವರು, ಮಾರನೆಯ ದಿನ ಶಿಫ್ಟು ಬದಲಾಗುವ ಹೊತ್ತಿಗೆ ಗೇಟಿನಲ್ಲಿ ಎಲ್ಲರ ಎದುರು, "ಏನ್ ಮಾರಾಯ, ಮನೇಲಿ ಮೌನವ್ರತ ಅಂತೆ! ನಿನ್ ಮಗಳು ಇಂಗ್ಲಿಷ್‌ನಾಗೆ ಡಂಗುರ ಹೊಡ್ಸವ್ಳೆ!" ಅಂದರು. ಎಲ್ಲರೂ ನಕ್ಕರಂತೆ.

ಅಪ್ಪ ಮನೆಗೆ ಬಂದರು. ಬೈಯಲಿಲ್ಲ, ಹೊಡೆಯಲಿಲ್ಲ. ಟಿಫಿನ್ ಕ್ಯಾರಿಯರ್ ಕೆಳಗಿಟ್ಟು ಅಮ್ಮನಿಗೆ ಹೇಳಿದರು: "ಮನೆ ಮಾತು ಬೀದಿಗೆ ಹಾಕೋ ವಿದ್ಯೆ ನಮಗೆ ಬೇಡ. ನಾಳೆಯಿಂದ ಇವಳು ಮನೇಲಿರ್ಲಿ."

"ಪರೀಕ್ಷೆ ಹತ್ರ ಬಂತು, ರೀ..."

ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಅಷ್ಟೇ, ಮುಗಿಯಿತು. ನಮ್ಮ ಮನೆಯಲ್ಲಿ ಅಪೀಲು ಇರಲಿಲ್ಲ. ನಾನು ಯೂನಿಫಾರ್ಮ್ ತೊಳೆದು ಮಡಚಿ ಟ್ರಂಕಿಗೆ ಹಾಕಿದೆ. ಅಮ್ಮ ಅಡುಗೆಮನೆಯಲ್ಲಿ ಮುಖ ಆ ಕಡೆ ಮಾಡಿ ಅಕ್ಕಿ ಆರಿಸುತ್ತಿದ್ದಳು. ಒಂದೇ ಅಕ್ಕಿಯನ್ನು ಎಷ್ಟು ಹೊತ್ತು ಆರಿಸಿದಳೋ, ಶಿವನಿಗೇ ಗೊತ್ತು.

ಐದನೆಯ ದಿನ ಭಾನುವಾರ. ರಜೆಯ ದಿನ ಮಿಸ್ ರೈಲು ಹತ್ತಿ ಬಂದರು. ಅಪ್ಪ ಪೂಜೆಗೆ ಕೂತಿದ್ದರು. ಅಮ್ಮ ಗಾಬರಿಯಿಂದ ಒಳಗೆ ಕರೆದರೆ, "ಪೂಜೆ ಮುಗೀಲಿ," ಅಂತ ಹೊರಗೆ ಮೆಟ್ಟಿಲ ಮೇಲೆ ಕೊಡೆ ಬಿಚ್ಚಿಕೊಂಡು ಕೂತರು. ಬೀದಿಯವರೆಲ್ಲ ನೋಡುತ್ತಿದ್ದರು. ಅವರು ಅಲ್ಲಾಡಲಿಲ್ಲ.

ಅಪ್ಪ ಎದ್ದು ಬಂದಾಗ ಮಿಸ್ ಒಳಗೆ ಬಂದು ನಿಂತೇ ಹೇಳಿದರು: "ತಪ್ಪು ನಂದು. ವಾಕ್ಯ ತಂದಿದ್ದು ಹುಡುಗಿ, ಬೋರ್ಡಿಗೆ ಹಾಕಿದ್ದು ನಾನು. ನಿಮ್ಮನ್ನ ಕೇಳ್ಬೇಕಿತ್ತು." ರಟ್ಟಿನ ಪುಸ್ತಕ ತೆಗೆದು ಆ ಪುಟ ಬಿಡಿಸಿ, ಪೆನ್ನಿನ ಸಮೇತ ಅಪ್ಪನ ಮುಂದಿಟ್ಟರು. "ಹೊಡೆದುಹಾಕಿ."

ಅಪ್ಪ ಪೆನ್ನು ಮುಟ್ಟಲಿಲ್ಲ. "ಏನ್ ಬರ್ದಿದಾಳೆ, ಓದಿ," ಅಂದರು.

ಮಿಸ್ ಓದಿ, ಕನ್ನಡದಲ್ಲೂ ಹೇಳಿದರು.

ಅಪ್ಪ ಗೋಡೆ ನೋಡುತ್ತಾ, "ಸುಳ್ಳೇನಲ್ಲ," ಅಂದರು. ಆಮೇಲೆ, ನಾವು ಯಾರೂ ಕೇಳದೆ ಇದ್ದದ್ದನ್ನು ಹೇಳಿದರು. "ಅಲ್ಲಿ ಸದ್ದು ಜಾಸ್ತಿ, ಮೇಡಂ. ಎಂಟು ಗಂಟೆ ಕೂಗಿ ಕೂಗೀನೇ ಮಾತಾಡ್ಬೇಕು. ಮನೆಗೆ ಬರೋಹೊತ್ತಿಗೆ ಗಂಟಲಲ್ಲಿ ಏನೂ ಉಳಿದಿರಲ್ಲ."

ಬೇರೆ ಯಾರೇ ಆಗಿದ್ದರೂ ಅಯ್ಯೋ ಪಾಪ ಅನ್ನುತ್ತಿದ್ದರು. ಮಿಸ್ ಕೆಳಗೆ ಕೂತು, ಬೆರಳು ತಿಕ್ಕಿದರು. "ಕೂಗೋದಕ್ಕೆ ಇಂಗ್ಲಿಷ್‌ನಲ್ಲಿ ಮೂರು ಮಾತಿದೆ. ಕಾಲ್, ಶೌಟ್, ಸ್ಕ್ರೀಮ್. ನಾನು ಪುಸ್ತಕ ನೋಡಿ ಹೇಳ್ಕೊಡ್ತೀನಿ, ನೀವು ಮಾಡಿದವರು. ಅಲ್ಲಿ ನೀವು ಮಾಡೋದು ಯಾವುದು?"

ಅಪ್ಪ ಅವರ ಮುಖ ನೋಡಿದರು. ತಮಾಷೆಯೋ ನಿಜವೋ ಅಂತ ಅಳೆಯುತ್ತಿದ್ದರು. ಮಿಸ್ ಪೆನ್ನು ಬಿಚ್ಚಿ ಕಾಯುತ್ತಿದ್ದರು.

"ಕ್ರೇನ್ ಮೇಲಿರೋನನ್ನ ಕರೆಯೋಕೆ ಉದ್ದಕ್ಕೆ ಎಳೀಬೇಕು," ಅಂದರು ಅಪ್ಪ. "ಮಾತು ಬೇಡ, ಅವನು ಈ ಕಡೆ ತಿರುಗಿದ್ರೆ ಸಾಕು."

"ಅದು ಕಾಲ್."

"ತಿರುಗಿದ ಮೇಲೆ ಇಳಿಸು, ನಿಲ್ಲಿಸು ಅಂತ ಹೇಳೋಕೆ ಬೇರೆ. ಒಂದೊಂದೇ ಮಾತು. ಕಲ್ಲು ಎಸೆದ ಹಾಗೆ."

"ಶೌಟ್. ಹೇಗೆ?"

ಅಪ್ಪ ಹೇಗೆ ಅಂತ ತೋರಿಸಿಯೇ ಬಿಟ್ಟರು. "ಇಳ್ಸೋ!" ಅಂತ ಅವರು ಕೂಗಿದ ರಭಸಕ್ಕೆ ಗೂಡಿನಲ್ಲಿದ್ದ ಲೋಟ ಉರುಳಿತು, ಅಮ್ಮನ ಕೈಯ ಕಾಫಿ ಚೆಲ್ಲಿತು, ಎರಡು ಮನೆ ಆಚೆಯಿಂದ ಪದ್ಮಾಳ ಅಪ್ಪ ಬನಿಯನ್ನಿನಲ್ಲೇ ಓಡಿ ಬಂದರು. "ಏನಾಯ್ತು? ಏನಾಯ್ತಪ್ಪ?"

"ಪಾಠ ನಡೀತಿದೆ," ಅಂದರು ಅಪ್ಪ. ನಾನು ಬಾಯಿಗೆ ಲಂಗ ತುರುಕಿಕೊಂಡು ನಕ್ಕೆ.

ಮಿಸ್ ನಗಲಿಲ್ಲ. ಬರೆಯುತ್ತಾ, "ಮೂರನೇದು?" ಅಂದರು.

"ಅದು ಕೆಲಸದಲ್ಲಿ ಬರಲ್ಲ. ಕಾದ ಕಬ್ಬಿಣ ಚೆಲ್ಲಿದಾಗ ಮಾತ್ರ. ಅದಕ್ಕೆ ಮಾತಿಲ್ಲ, ಹೊಟ್ಟೆಯಿಂದ ತಾನೇ ಬರುತ್ತೆ. ಒಂದೇ ಸಲ ಬಂದಿದೆ ನಂಗೆ. ಒಬ್ಬನ ಕಾಲ ಹತ್ರಾನೇ ಚೆಲ್ತು. ಹಿಂದಕ್ಕೆ ಹಾರಿದ. ಉಳಿದ."

ಬಾಗಿಲಲ್ಲಿ ನಿಂತಿದ್ದ ಪದ್ಮಾಳ ಅಪ್ಪ ತಲೆ ತಗ್ಗಿಸಿ, "ಅದು ನಾನೇ, ಮೇಡಂ," ಅಂದರು.

ಅಮ್ಮ ಚೆಲ್ಲಿದ ಕಾಫಿ ಒರೆಸುತ್ತಿದ್ದವಳು ಕೈ ಹಾಗೇ ನಿಲ್ಲಿಸಿದಳು. ಮದುವೆಯಾಗಿ ಹದಿನೇಳು ವರ್ಷಕ್ಕೆ ಅವಳಿಗೂ ಅವತ್ತೇ ಗೊತ್ತಾದದ್ದು.

ಮಿಸ್ ಅಪ್ಪನ ಮಾತನ್ನು ಮೂರು ವಾಕ್ಯ ಮಾಡಿ ಇಂಗ್ಲಿಷಿನಲ್ಲಿ ಬರೆದು, ಕನ್ನಡದಲ್ಲಿ ಓದಿ ಹೇಳಿ, "ಇದನ್ನ ಇಟ್ಕೊಳ್ಳಲಾ?" ಅಂತ ಕೇಳಿದರು. ಅಪ್ಪ ತಲೆಯಾಡಿಸಿದರು. ಕೆಳಗೆ ಅಪ್ಪನ ಹೆಸರು ಹಾಕಿದರು.

"ನನ್ನ ಮಗಳದ್ದೂ ಇರ್ಲಿ, ಹೊಡೀಬೇಡಿ," ಅಂದರು ಅಪ್ಪ. "ಆದ್ರೆ ಒಂದು ಮಾತು. ನಮ್ಮ ಬಗ್ಗೆ ಬರೆಯೋದಾದ್ರೆ ಮೊದ್ಲು ನಮಗೆ ಓದಿ ಹೇಳಿ ಹೋಗ್ಲಿ."

ಮಿಸ್ ಆ ಮಾತನ್ನು ನಮ್ಮ ಮನೆಗಷ್ಟೇ ಅಂತ ಇಟ್ಟುಕೊಳ್ಳಲಿಲ್ಲ. ಸೋಮವಾರ ಎಲ್ಲ ಕ್ಲಾಸಿಗೂ ಹೇಳಿದರು: ಮನೆಯಲ್ಲಿ ಓದದ ವಾಕ್ಯ ಶಾಲೆಗೆ ತರಬಾರದು. ಎಲ್ಲಿಂದ ಬಂತು ಈ ಕಟ್ಟಳೆ ಅಂತ ಹೆಡ್‌ಮಾಸ್ಟರು ಕೇಳಿದರೆ, "ಒಬ್ಬರು ನನ್ನ ತಿದ್ದಿದರು," ಅಂದರಂತೆ. ಊರನ್ನೆಲ್ಲ ತಿದ್ದುತ್ತಿದ್ದವರ ಬಾಯಲ್ಲಿ ಆ ಮಾತು! ರಿಟೈರಾಗುವವರೆಗೂ ಅದನ್ನು ನಡೆಸಿದರು ಅಂತ ಆಮೇಲಿನ ಬ್ಯಾಚಿನವರು ಹೇಳುತ್ತಾರೆ.

ಆ ಎರಡು ತಿಂಗಳು ಕ್ವಾರ್ಟರ್ಸಿನಲ್ಲಿ ಸಂಜೆಯಾದರೆ ಮನೆಮನೆಯಲ್ಲೂ ವಾಕ್ಯ ಓದುವ ಸದ್ದು. "ನಾನ್ಯಾವಾಗ್ಲೇ ಹಾಗಂದೆ?" ಅಂತ ಅಜ್ಜಿಯರ ಜಗಳ. ನಮ್ಮಪ್ಪ ಪೂಜೆ ಮುಗಿಸಿ ಗೋಡೆಗೆ ಒರಗುವ ಮೊದಲು, "ಇವತ್ತೇನ್ ಬರ್ದೆ?" ಅಂತ ಕೇಳಲು ಶುರು ಮಾಡಿದರು. ನಾನು ಓದಿ ಹೇಳುತ್ತಿದ್ದೆ. "ಹೂಂ" ಅನ್ನುವರು, ಕೆಲವು ದಿನ, "ಹಾಗಲ್ಲ, ಹೀಗೆ ನಡೆದಿದ್ದು," ಅನ್ನುವರು. ದಿನಕ್ಕೆ ಹತ್ತು ಮಾತು ಹೆಚ್ಚೆಂದರೆ. ಅಲ್ಲಿಯವರೆಗೆ ಇಲ್ಲದಿದ್ದ ಹತ್ತು ಮಾತು. ಇಂಗ್ಲಿಷಿನಲ್ಲಿ ಜಸ್ಟ್ ಪಾಸಾದೆ. ಅಪ್ಪ ಹೋಗಿ ಎಂಟು ವರ್ಷವಾಯಿತು. ಅವರ ದನಿ ನನ್ನ ಕಿವಿಯಲ್ಲಿ ಉಳಿದಿರುವುದು ಆ ಹತ್ತು ಮಾತಿನಿಂದ. ಬೇರೆ ಮಕ್ಕಳಿಗೆ ಇದೇನು ಮಹಾ ಅನ್ನಿಸಬಹುದು. ನಾನು ಮಾತ್ರ ಬೆರಳು ಮಡಚುತ್ತೇನೆ.

ಮದುವೆಯಾಗಿ ನಾನು ಶಿವಮೊಗ್ಗಕ್ಕೆ ಬಂದೆ, ರವೀಂದ್ರನಗರಕ್ಕೆ. ಸೋಮವಾರ ದೇವಸ್ಥಾನದಿಂದ ಬರುತ್ತಾ ದುರ್ಗಿಗುಡಿಗೆ ಹೋಗಿ ಮಿಸ್ಸನ್ನು ನೋಡಿ ಬರುವುದು ರೂಢಿಯಾಯಿತು. ಅಣ್ಣ ಆಗಲೇ ತೀರಿಕೊಂಡಿದ್ದರು. ಮನೆಯಲ್ಲಿ ಇವರು, ಅತ್ತಿಗೆ, ಇಬ್ಬರೇ. ಅತ್ತಿಗೆಗೆ ಮಿಸ್ಸಿನ ಮೇಲೆ ಸದಾ ಒಂದು ಮಾತು ಸಿದ್ಧ. "ಇವಳು ಮದುವೆಯಾಗಿದ್ರೆ ಗಂಡ ಮೂರೇ ದಿನಕ್ಕೆ ಓಡಿಹೋಗ್ತಿದ್ದ ನೋಡು. ತಾಳಿ ಕಟ್ಟುವಾಗ್ಲೂ ಗಂಟು ಸರಿಯಿಲ್ಲ ಅಂತ ತಿದ್ದಿರ್ತಿದ್ಲು." ಮಿಸ್ ಪೇಪರಿನಿಂದ ತಲೆ ಎತ್ತದೆ, "ಮೂರಲ್ಲ, ಎರಡು," ಅನ್ನುತ್ತಿದ್ದರು. ಕೊನೆಯ ವರ್ಷ ಕೈ ನಡುಗುತ್ತಿತ್ತು. ಆದರೂ ನಾನು ಹೊರಟಾಗ ಬೆರಳು ತಿಕ್ಕಿ, "ಒಂದು ಜೋಡಿ ಹೇಳು," ಅನ್ನುವುದು ತಪ್ಪಲಿಲ್ಲ. ಕಡೆಯ ಸಲ ನಾನು ಕ್ಯೂರ್, ಹೀಲ್ ಅಂದೆ. "ಕ್ಯೂರ್ ಡಾಕ್ಟರು ಮಾಡೋದು. ಹೀಲ್ ತಾನಾಗೇ ಆಗೋದು, ಅದಕ್ಕೆ ಟೈಮ್ ಕೊಡ್ಬೇಕು," ಅಂದು, ಲವಂಗದ ಡಬ್ಬಿ ನನ್ನ ಕಡೆ ನೂಕಿದ್ದರು.

ಇಲ್ಲಿಯವರೆಗೆ ಬರೆದದ್ದನ್ನು ಈ ಸೋಮವಾರ ತೆಗೆದುಕೊಂಡು ಹೋಗಿ ಓದಿದೆ. ಮುಂದಿನದು ಬಂದ ಮೇಲೆ ಬರೆದದ್ದು.

ಅತ್ತಿಗೆ ಮಂಚದ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿ ಕೇಳಿದರು. ಅಪ್ಪ ಕೂಗಿದ ಕಡೆ ಮಾತ್ರ ನಕ್ಕರು. ಮೇಲೆ ಒಂದು ಕಡೆ, ಅಣ್ಣ ಅತ್ತಿಗೆಯ ಜೊತೆ ಇದ್ದರು ಅಂತ ಬರೆದಿದ್ದೇನಲ್ಲ, ಅದರ ಪಕ್ಕ ಇನ್ನೊಂದು ಸಾಲಿತ್ತು: ಪಾಪ, ಹಂಗಿನ ಮನೆ, ಅವರ ಸಂಸಾರವೆಲ್ಲ ನಮ್ಮ ಶಾಲೆಯಲ್ಲೇ ಇತ್ತು. ಅವರು ಒಂದು ದಿನವೂ ತಮ್ಮ ಮನೆಯ ವಾಕ್ಯ ಹೇಳದೇ ಇದ್ದದ್ದಕ್ಕೆ ನಾವು ಹುಡುಗಿಯರು ಅಂದುಕೊಂಡಿದ್ದು ಅದು. ಆ ಸಾಲು ಓದುವಾಗ ನನ್ನ ದನಿ ತಾನೇ ಇಳಿಯಿತು. ಆದರೆ ಓದಿದೆ. ಕಟ್ಟಳೆ ಅಂದರೆ ಕಟ್ಟಳೆ.

ಎಲ್ಲ ಮುಗಿದ ಮೇಲೆ ಅತ್ತಿಗೆ ಕಣ್ಣು ಬಿಟ್ಟರು. "ಹಂಗಿನ ಮನೆಯಾ?"

ನಾನು ಹಾಳೆ ತಿರುಗಿಸಿ ಆ ಸಾಲು ಹುಡುಕಿದೆ.

"ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಬಾಗಿಲು ತೆಗೆದಿದ್ದು ಅವಳು ಕಣೇ. ಆಮೇಲೆ ಬಂದು ಸೇರಿದೋಳು ನಾನು. ಹೊಡಿ ಅದನ್ನ."

ಅವರೆದುರೇ ಹೊಡೆದೆ. "ಹೊಡೆದೆ ಅಂತಲೂ ಬರಿ," ಅಂದರು. ಬರೆದಿದ್ದೇನೆ.

ಆಮೇಲೆ ಆ ಕಡೆ ತಿರುಗಿದರು. ಪಕ್ಕದ ಖಾಲಿ ಮಂಚದ ಮೇಲೆ ಮಿಸ್ಸಿನ ಕೊಡೆ ಇತ್ತು.

"ವಾಕ್ಯ ಹೇಳ್ಲಿಲ್ಲ ಅಂತೀಯಲ್ಲ. ನಿಮ್ಮಪ್ಪ ಆ ಕಟ್ಟಳೆ ಮಾಡಿದ್ನಲ್ಲ, ಆವತ್ತಿಂದ ದಿನಾ ಸಂಜೆ ಬಂದು ಓದಿ ಹೇಳೋಳು. ನನ್ನ ಮೇಲೇ ಬರ್ದಿರೋಳು. ಅತ್ತಿಗೆ, ಇದು ಹಾಕ್ಲಾ? ಇದು ಹಾಕ್ಲಾ? ಅದಕ್ಕೆ ಮೊದ್ಲೂ ಕೇಳಿದ್ಲು, ಆಗ್ಲೂ ಬೇಡ ಅಂದಿದ್ದೆ. ನನ್ನ ವಿಷಯ ಊರವರ ಮಕ್ಕಳಿಗ್ಯಾಕೆ? ಒಂದಕ್ಕೂ ಹೂಂ ಅನ್ಲಿಲ್ಲ ನಾನು. ಒಂದ್ಸಲನೂ ಬೇಜಾರು ಮಾಡ್ಕೊಳ್ಲಿಲ್ಲ ಅವಳು. ಪರ್ವಾಗಿಲ್ಲ ಅಂತ ಹರಿದು ಹಾಕೋಳು."

ನಮ್ಮ ಮನೇಲಿ ಒಪ್ಪಿಲ್ಲ. ಅವರು ಆವತ್ತು ತಮಾಷೆ ಮಾಡಿರಲಿಲ್ಲ.

ಅತ್ತಿಗೆ ತಮ್ಮ ಹೆಬ್ಬೆರಳು ತೋರುಬೆರಳು ಸೇರಿಸಿ ತಿಕ್ಕುತ್ತಿದ್ದರು. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ.

"ಒಂದು ನೆನಪಿದೆ. ಬರ್ಕೋ," ಅಂದರು. "ರೈಲು ಲೇಟಾದ್ರೆ ನಾನು ಡಿಕಾಕ್ಷನ್ ಇಳಿಸಿಟ್ಟು ಕೂತಿರ್ತಿದ್ದೆ. ಅವಳು ಬರದೆ ಕುಡೀತಿರ್ಲಿಲ್ಲ. ಅದನ್ನ ಬರ್ದಿದ್ಲು ಒಂದಿನ. ನನ್ನ ಅತ್ತಿಗೆ ಸಂಜೆ ಕಾಫಿ ಒಬ್ಬಳೇ ಕುಡಿದವಳಲ್ಲ ಅಂತ. ಇಂಗ್ಲಿಷ್‌ನಲ್ಲಿ ಏನೋ ಚೆನ್ನಾಗಿ ಹೇಳಿದ್ಲು, ನಂಗೆ ಬರಲ್ಲ. ಅದಕ್ಕೂ ಬೇಡ ಅಂದೆ."

ನಾನು ಪೆನ್ನು ಹಿಡಿದು ಕಾದೆ.

"ಈಗ ಹಾಕು," ಅಂದರು.

ಬರೆದೆ. ಕಟ್ಟಳೆಯ ಪ್ರಕಾರ ಓದಿ ಹೇಳಿದೆ. ಕೆಳಗೆ ಯಾರ ಹೆಸರು ಹಾಕಲಿ ಅಂತ ಕೇಳಿದೆ. ಅವರು ಎದ್ದು ಒಳಗೆ ಹೋಗಿ, ಎರಡು ಲೋಟ ಕಾಫಿ ತಂದು, ಒಂದನ್ನು ನನ್ನ ಮುಂದಿಟ್ಟರು.

"ಇನ್ನೊಂದ್ಸಲ ಓದು," ಅಂದರು.